ಉಲುಂದಿಯ ಈಟಿ, ಕರಜಗಿಯ ಆಣೆ

ಮರೆಪ್ಪನ ಜೊತೆ ಚಹಾ ಕುಡಿಯಲು ಕೂತರೆ ನನಗೆ ಸಿಟ್ಟು ಬರುತ್ತದೆ. ಲೋಟ ಕೈಗೆ ಬಂದ ಕೂಡಲೇ ಅವನು ಏಳುತ್ತಾನೆ. ಎರಡು ಗುಟುಕು ಕುಡಿದು ಹೊರಗೆ ಹೋಗಿ ರಸ್ತೆ ನೋಡುತ್ತಾನೆ, ಒಳಗೆ ಬರುತ್ತಾನೆ, ಬೆಂಚಿನ ತುದಿಗೆ ಕೂತಂತೆ ಮಾಡಿ ಮತ್ತೆ ಏಳುತ್ತಾನೆ. "ಏ ಮಾರಾಯ, ಕಾಲಿಗೆ ಕೆಂಜಿಗ ಹತ್ಯಾವೇನು?" ಎಂದು ಎಷ್ಟು ಸಲ ಬೈದಿದ್ದೇನೋ. ಅವನು ನಗುತ್ತಾನೆ, ಆದರೆ ಕೂರುವುದಿಲ್ಲ.

ಕೆಲಸದಲ್ಲೂ ಅದೇ ಕಥೆ. ಹತ್ತೊಂಬತ್ತು ವರ್ಷದ ಹಿಂದೆ ಕುರಿ ಬಿಟ್ಟು ಸೊಲ್ಲಾಪುರದ ಆಚೆಯ ಚಿಂಚೋಳಿ ಎಂಐಡಿಸಿಗೆ, ಅಂದರೆ ಕಾರ್ಖಾನೆಗಳ ವಸಾಹತಿಗೆ ಹೋದ. ದಾರದ ಕಾರ್ಖಾನೆ, ಟವೆಲ್ ಗೋದಾಮು, ಪೈಪಿನ ಕಂಪನಿ, ಮತ್ತೆ ಇನ್ನೊಂದು ಗೋದಾಮು. ಯಾರೂ ಅವನನ್ನು ತೆಗೆದುಹಾಕಲಿಲ್ಲ, ಎಲ್ಲ ಕಡೆಯೂ ತಾನೇ ಬಿಟ್ಟ. ವಾರವೆಲ್ಲ ಅಲ್ಲಿ ಲಾರಿಗೆ ಗಂಟು ಹೇರುವುದು, ಶನಿವಾರ ಸಂಜೆ ಎಸ್‌ಟಿ ಬಸ್ಸು ಹತ್ತಿ ಕರಜಗಿಗೆ ಬರುವುದು. ಬಂದರೂ ಮನೆಯಲ್ಲಿ ನಿಲ್ಲುವ ಗಿರಾಕಿಯಲ್ಲ. ಹೆಂಡತಿ ಬೀರವ್ವ ರೊಟ್ಟಿ ಹಾಕಿ ತಿರುಗಿ ನೋಡುವಷ್ಟರಲ್ಲಿ ಇವನು ಹಳ್ಳದ ದಂಡೆಯಲ್ಲಿರುತ್ತಾನೆ. ನಾನು ಆ ಊರಿನ ಕನ್ನಡ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಮಾಸ್ತರಿಕೆ ಮಾಡಿದವನು. ಅವನ ಮನೆಯ ಎದುರಿಗೇ ನನ್ನ ಮನೆ. ಆದ್ದರಿಂದ ಈ ಓಡಾಟದ ಕಾರಣ ನನಗೆ ಗೊತ್ತಿದೆ, ಮತ್ತು ಅದನ್ನು ಮುಚ್ಚಿಡುವ ಅಗತ್ಯ ಈಗ ಇಲ್ಲ. ಮರೆಪ್ಪ ದೇವರ ಆಯುಧ ಮುಟ್ಟಿ ಸುಳ್ಳು ಆಣೆ ಮಾಡಿದ್ದ.

ಆ ಆಯುಧದ ವಿಚಾರ ಮೊದಲು ಹೇಳುತ್ತೇನೆ. ಮರೆಪ್ಪನ ಮನೆಯ ದೇವರ ಜಗಲಿಯ ಮೇಲೆ, ಕುರಿಯವರ ದೇವರು ಬೀರಪ್ಪನ ಮೂರ್ತಿಯ ಪಕ್ಕ ಒಂದು ಈಟಿ ಇತ್ತು. ನಮ್ಮ ಕಡೆಯ ಈಟಿಯಂತೆ ಅದು ಉದ್ದವಿಲ್ಲ, ಹಿಡಿಕೆ ಎರಡೂವರೆ ಮೊಳ ಮಾತ್ರ. ಅಲಗು ಮಾತ್ರ ಅಗಲ, ಮೊಳದುದ್ದ. ನೂರು ವರ್ಷದ ಭಂಡಾರ, ಅಂದರೆ ಪೂಜೆಯ ಅರಿಸಿನ, ಎಣ್ಣೆಯೊಂದಿಗೆ ಸೇರಿ ಅದರ ಮೇಲೆ ಬೆರಳು ದಪ್ಪ ಕೂತಿತ್ತು. ಅದನ್ನು ತೊಳೆಯುವ ಪದ್ಧತಿ ಇರಲಿಲ್ಲ, ಪ್ರತಿ ಭಾನುವಾರ ಹಚ್ಚುವುದಷ್ಟೇ. ಮರೆಪ್ಪನ ಮುತ್ತಜ್ಜ ಮಾಳಪ್ಪ ಸೊಲ್ಲಾಪುರದಲ್ಲಿ ಒಬ್ಬ ಇಂಗ್ಲಿಷ್ ಸಾಹೇಬನ ಕುದುರೆ ನೋಡಿಕೊಳ್ಳುತ್ತಿದ್ದನಂತೆ. ಅಲ್ಲಿಂದ ಊರಿಗೆ ಬರುವಾಗ ದಾರಿಯಲ್ಲಿ ಬೇವಿನ ಗಿಡದ ಕೆಳಗೆ ಮಲಗಿದ್ದನಂತೆ, ಎದ್ದು ನೋಡಿದರೆ ಬೀರಪ್ಪ ಈ ಆಯುಧವನ್ನು ಮಡಿಲಲ್ಲಿ ಇಟ್ಟುಹೋಗಿದ್ದನಂತೆ. ಸಾಹೇಬನ ಬಂಗಲೆ ಒಂದು ಕಡೆ, ಮಡಿಲಲ್ಲಿ ಬಿದ್ದ ಈಟಿ ಇನ್ನೊಂದು ಕಡೆ. ಈ ಎರಡನ್ನೂ ಜೋಡಿಸಿ ನೋಡುವ ತೊಂದರೆಯನ್ನು ನಾಲ್ಕು ತಲೆಮಾರು ಯಾರೂ ತೆಗೆದುಕೊಳ್ಳಲಿಲ್ಲ. ಮಾಸ್ತರನಾದ ನಾನೂ ತೆಗೆದುಕೊಳ್ಳಲಿಲ್ಲ.

ಕುರಿಯವರ ಜಗಳಗಳು ಪೊಲೀಸ್ ಠಾಣೆಗೆ ಹೋಗುತ್ತಿರಲಿಲ್ಲ, ಈ ಆಯುಧದ ಮುಂದೆ ಬರುತ್ತಿದ್ದವು. ಹೇಳುವವನು ಅಲಗಿನ ಮೇಲೆ ಕೈಯಿಟ್ಟು ಹೇಳಬೇಕು. ಕೈಯಿಡಲು ಒಲ್ಲೆ ಎಂದವನೇ ತಪ್ಪಿತಸ್ಥ. ಇಷ್ಟೇ ಕಾಯಿದೆ, ಇದಕ್ಕೆ ಮೇಲಿನ ಕೋರ್ಟು ಇರಲಿಲ್ಲ.

ಅವನು ಕುರಿ ಬಿಟ್ಟ ವರ್ಷ ದೀಪಾವಳಿಗೆ ಮರೆಪ್ಪನ ತಂಗಿ ಚಂದ್ರಭಾಗಾ ಸೊಲ್ಲಾಪುರದ ಗಂಡನ ಮನೆಯಿಂದ ತವರಿಗೆ ಬಂದಿದ್ದಳು. ಮದುವೆಯಾಗಿ ಎರಡು ವರ್ಷವಾಗಿತ್ತು. ಪಕ್ಕದ ಊರಿನಲ್ಲಿ ಕುಸ್ತಿ ಇತ್ತು, ಮರೆಪ್ಪನಿಗೆ ಹೋಗಲೇಬೇಕಿತ್ತು. "ಚಂದ್ರಿ, ಮಧ್ಯಾಹ್ನದತನಾ ಹಿಂಡ ನೋಡ್ಕೋ. ಸಾಯಬಣ್ಣನ ಹೊಲದಾಗ ಬಿಡು, ಚಿಗುರು ಛಲೋ ಬಂದದ" ಎಂದು ಹೇಳಿ ಓಡಿದ. ಜೋಳ ಕೊಯ್ದ ಮೇಲೆ ಕೂಳೆಯಿಂದ ಬರುವ ಎಳೆ ಚಿಗುರು ಕುರಿಗೆ ವಿಷ, ಅದು ಕುರಿಯವರ ಕೂಸಿಗೂ ಗೊತ್ತು. ಮರೆಪ್ಪನಿಗೂ ಗೊತ್ತಿತ್ತು, ಅವಸರದಲ್ಲಿ ತಲೆಗೆ ಬರಲಿಲ್ಲ. ಚಂದ್ರಭಾಗಾಳಿಗೂ ಗೊತ್ತಿತ್ತು. ಅವಳು ಅನುಮಾನಿಸಿದಳು, ಆಮೇಲೆ ಅಣ್ಣ ಹೇಳಿದ್ದಾನೆಂದು ಹಿಂಡು ಬಿಟ್ಟಳು. ಹೊತ್ತು ಇಳಿಯುವ ಮೊದಲೇ ಮೂವತ್ತೆಂಟು ಕುರಿ ಹೊಟ್ಟೆ ಉಬ್ಬಿ, ಕಾಲು ಬಡಿದು ಸತ್ತವು. ಹಿಂಡಿನಲ್ಲಿ ನಾಲ್ಕು ಮನೆಯವರ ಕುರಿಗಳಿದ್ದವು.

ಎಲ್ಲರ ಮುಂದೆ ಆಯುಧ ತಂದರು. ಚಂದ್ರಭಾಗಾ ಕೈಯಿಡಲಿಲ್ಲ. "ಬಾಯಿಲೆ ಹೇಳೀನಿ, ಅಣ್ಣ ಹೇಳ್ಯಾನ ಅಂತ. ಅಷ್ಟ ಸಾಲೂದಿಲ್ಲೇನು? ಕಬ್ಬಿಣಕ್ಕ ಮತ್ತೊಮ್ಮಿ ಯಾಕ ಹೇಳ್ಲಿ?" ಎಂದಳು. ಮರೆಪ್ಪ ಕೈಯಿಟ್ಟ. ನಾನು ಹೇಳಿಲ್ಲ ಎಂದ. ಅವಳ ಹೊಸ್ತಿಲು ತುಳಿಯುವುದಿಲ್ಲ, ಅವಳ ಮನೆಯ ನೀರು ಮುಟ್ಟುವುದಿಲ್ಲ ಎಂದೂ ಸೇರಿಸಿದ. ಅದನ್ನು ಹೇಳು ಎಂದು ಯಾರೂ ಕೇಳಿರಲಿಲ್ಲ. ಸುಳ್ಳು ಹೇಳುವವನು ಯಾವಾಗಲೂ ಒಂದು ಮಾತು ಹೆಚ್ಚು ಹೇಳುತ್ತಾನೆ. ಅಲ್ಲಿದ್ದ ನಾವೆಲ್ಲ ತಲೆಯಾಡಿಸಿದೆವು. ಪಟ್ಟಣಕ್ಕೆ ಹೋದ ಹುಡುಗಿಗೆ ಕುರಿಯ ಕಾಳಜಿ ಎಲ್ಲಿಂದ ಬರಬೇಕು ಎಂದು ನಾನೂ ಅಂದೆ. ಇವತ್ತು ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಅವರ ತಾಯಿ ಇಂದುಬಾಯಿ ಮಗಳ ಚೀಲವನ್ನು ಅಂಗಳಕ್ಕೆ ತಂದಿಟ್ಟಳು. ಚಂದ್ರಭಾಗಾ ಆ ಸಂಜೆಯ ಬಸ್ಸಿಗೆ ಹೋದವಳು ಮತ್ತೆ ಬರಲಿಲ್ಲ.

ಅಲ್ಲಿಂದ ಶುರುವಾಯಿತು ಇವನ ಓಡಾಟ. ಹಿತ್ತಲಲ್ಲಿ ಹಾವು ಬಂದರೆ ಬೀರಪ್ಪ ಬಂದ ಎನ್ನುತ್ತಿದ್ದ. ಕಾಲಿಗೆ ಮುಳ್ಳು ಚುಚ್ಚಿದರೂ ಬೀರಪ್ಪನೇ. ಹತ್ತು ವರ್ಷ ಕಳೆದ ಮೇಲೆ ಒಂದು ದಿನ ಹೊಲದ ಬದುವಿನಲ್ಲಿ ನನ್ನ ಕೈ ಹಿಡಿದು ಎಲ್ಲ ಹೇಳಿದ. "ತಂಗಿ ಮನಿಗೆ ಹೋಗು, ಕಾಲು ಹಿಡಿ" ಎಂದೆ. "ಹ್ಯಾಂಗ ಹೋಗ್ಲಿ ಮಾಸ್ತರ? ಒಂದು ಖೋಟಾ ಆಣಿ ಮಾಡೀನಿ. ಹೋದ್ರ ಹೊಸ್ತಿಲಾ ತುಳಿಯೂದಿಲ್ಲ ಅಂದ ಆಣಿನೂ ಮುರದಾಂಗ ಆತು. ಎರಡು ತಪ್ಪು ಆಕ್ಕಾವ. ದೇವ್ರು ಬಿಡೂದಿಲ್ಲ" ಎಂದ. ತಂಗಿಯನ್ನು ನೋಡುವ ಆಸೆ ಅವನನ್ನು ತಿನ್ನುತ್ತಿತ್ತು, ದೇವರ ಭಯ ಕಾಲು ಕಟ್ಟುತ್ತಿತ್ತು. ಅವನು ವಾರವಾರ ಸೊಲ್ಲಾಪುರದ ಮೇಲೇ ಹಾಯ್ದು ಚಿಂಚೋಳಿಗೆ ಹೋಗುತ್ತಿದ್ದ. ಅವಳ ಓಣಿಯ ಬಾಯಿಗೆ ಹೋಗಿ ತಿರುಗಿ ಬಂದದ್ದನ್ನು ಅವನೇ ಹೇಳಿದ್ದಾನೆ.

ಹೋದ ವರ್ಷ ದಸರೆಯ ಹಿಂದುಮುಂದು ನಾವಿಬ್ಬರೂ ಅಕ್ಕಲಕೋಟದಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಬಸ್ಸು ಒಂದು ತಾಸು ತಡ. ಇವನು ನಿಲ್ದಾಣದಲ್ಲಿ ನಿಲ್ಲುತ್ತಾನೆಯೇ? ಪಕ್ಕದ ಮಂಗಲ ಕಾರ್ಯಾಲಯದಲ್ಲಿ, ಅಂದರೆ ಮದುವೆ ಛತ್ರದಲ್ಲಿ, ಹಳೆಯ ಶಸ್ತ್ರಗಳ ಪ್ರದರ್ಶನ ಎಂದು ಮರಾಠಿ ಬೋರ್ಡು ನೋಡಿದ್ದೇ ಒಳಗೆ ನುಗ್ಗಿದ. ಯಾರೋ ಹವ್ಯಾಸಿ ಸಂಗ್ರಾಹಕರದು. ಕತ್ತಿ, ಗುರಾಣಿ, ಕೋವಿ, ಎಲ್ಲ ಗಾಜಿನ ಪೆಟ್ಟಿಗೆಗಳಲ್ಲಿ. ಒಂದು ಪೆಟ್ಟಿಗೆಯ ಮುಂದೆ ಮರೆಪ್ಪ ಗಕ್ಕನೆ ನಿಂತ. ಚಪ್ಪಲಿ ಬಿಟ್ಟ. ಎರಡೂ ಕೈ ಜೋಡಿಸಿ, ನೆಲಕ್ಕೆ ಹಣೆ ಮುಟ್ಟಿಸಿ ಅಡ್ಡಬಿದ್ದ. ಸುತ್ತಲಿನ ಕಾಲೇಜು ಹುಡುಗಿಯರು ನಕ್ಕರು. ನಾನು ಹತ್ತಿರ ಹೋಗಿ ನೋಡಿದೆ. ಒಳಗೆ ಅವನ ಮನೆಯ ಆಯುಧದ ತಮ್ಮನೇ ಮಲಗಿದ್ದ. ಅದೇ ಗಿಡ್ಡ ಹಿಡಿಕೆ, ಅದೇ ಅಗಲ ಅಲಗು. ಕೆಳಗಿನ ಚೀಟಿಯಲ್ಲಿ 'ಝುಲು ಈಟಿ, ದಕ್ಷಿಣ ಆಫ್ರಿಕಾ' ಎಂದಿತ್ತು.

ಪ್ರದರ್ಶನ ನೋಡಿಕೊಳ್ಳುತ್ತಿದ್ದ ಶುಭಾಂಗಿ ಎಂಬ ಹುಡುಗಿ ಓಡಿಬಂದಳು. ಸೊಲ್ಲಾಪುರದವಳು, ಇತಿಹಾಸದಲ್ಲಿ ಸಂಶೋಧನೆ ಮಾಡುತ್ತಿದ್ದಳು. "ಏನಾತು ಕಾಕಾ? ಚಕ್ಕರ್ ಬಂತೇನು?" ಎಂದಳು.

ಮರೆಪ್ಪ ಎದ್ದ. "ಅವ್ವಾ, ನಮ್ಮ ಬೀರಪ್ಪನ ಆಯುಧ ಇಲ್ಲಿ ಹ್ಯಾಂಗ ಬಂತು?"

"ಇದು ಝುಲು ಮಂದೀದು, ಕಾಕಾ. ಇದಕ್ಕ ಇಕ್ಲ್ವಾ ಅಂತಾರ. ಮೈಯಾಗ ಚುಚ್ಚಿ ಹೊರಗ ಎಳಿಯುವಾಗ ಬರೂ ಸಪ್ಪಳದಿಂದ ಆ ಹೆಸರು ಬಂತು ಅಂತ ಹೇಳ್ತಾರ. ಇದನ್ನ ದೂರದಿಂದ ಒಗಿಯೂದಿಲ್ಲ, ಹತ್ರ ಹೋಗಿ ಚುಚ್ಚೂದು."

ಬಸ್ಸಿನಲ್ಲಿ ಮರೆಪ್ಪ ಒಂದೇ ಮಾತು ಹಿಡಿದುಕೊಂಡಿದ್ದ. "ಮಾಸ್ತರ, ನಮ್ಮದೂ ಝುಲುದ ಇದ್ರ? ಬೀರಪ್ಪಂದ ಅಲ್ದಿದ್ರ? ಆಣಿ ಲೆಕ್ಕಕ್ಕ ಬರಾಂಗಿಲ್ಲ ಅಲ್ರೀ?" ಸೀಟು ಖಾಲಿಯಿದ್ದರೂ ಕರಜಗಿಯವರೆಗೆ ನಿಂತೇ ಬಂದ. ಜೀವನದಲ್ಲಿ ಮೊದಲ ಸಲ ಒಬ್ಬ ಭಕ್ತ ತನ್ನ ದೇವರು ಸುಳ್ಳಾಗಲಿ ಎಂದು ಹರಕೆ ಹೊರುವುದನ್ನು ನಾನು ನೋಡಿದೆ.

ಮರುದಿನವೇ ಆಯುಧವನ್ನು ಕಂಬಳಿಯಲ್ಲಿ ಸುತ್ತಿ ಅಕ್ಕಲಕೋಟಕ್ಕೆ, ಶುಭಾಂಗಿಯ ಹತ್ತಿರ ಹೊರಟ. ಬೀರವ್ವ ಬಾಗಿಲಿಗೆ ಅಡ್ಡ ನಿಂತಳು. "ದೇವ್ರನ್ನ ಎಸ್‌ಟಿನಾಗ ಒಯ್ತೀಯಾ? ಅದೂ ತಪಾಸಕ್ಕ? ನಿಂಗ ತಲಿ ಕೆಟ್ಟದೇನು?" ಇವನು ಹೆಂಡತಿಯ ಪಕ್ಕದಿಂದ ನುಸುಳಿ ಓಡಿಯೇಬಿಟ್ಟ. ನಾನು ಹಿಂದಿನಿಂದ ಏದುಸಿರು ಬಿಡುತ್ತ ಹೋದೆ. ಕಂಡಕ್ಟರ್ ಕಂಬಳಿ ನೋಡಿ ಒಳಗೇನು ಎಂದು ಕೇಳಿದ. ಮರೆಪ್ಪ "ಅದನ್ನ ತಿಳ್ಕೊಳಾಕ ಹೊಂಟೀವ್ರಿ" ಎಂದ.

ಶುಭಾಂಗಿ ಬಿಳಿ ಬಟ್ಟೆಯ ಮೇಲೆ ಈಟಿಯನ್ನು ಇರಿಸಿ ಬಹಳ ಹೊತ್ತು ನೋಡಿದಳು. ತೊಳೆಯಲು ಅಪ್ಪಣೆ ಕೇಳಿದಳು. ಮರೆಪ್ಪ ಹೂಂ ಎಂದ, ಆದರೆ ಅವಳು ಹತ್ತಿಯಿಂದ ಒಂದೊಂದು ಸಲ ಒರೆಸಿದಾಗಲೂ ಆ ಹಳದಿ ಹತ್ತಿಯನ್ನು ಕಸಕ್ಕೆ ಬಿಡದೆ ತನ್ನ ರುಮಾಲಿಗೆ ಕಟ್ಟಿಕೊಂಡ. ದೇವರು ಸುಳ್ಳಾಗಬೇಕು, ಭಂಡಾರ ಮಾತ್ರ ಕೆಳಗೆ ಬೀಳಬಾರದು! ಎರಡು ತಾಸು ಹಿಡಿಯಿತು. ಮೊದಲು ಅಲಗಿನ ಬುಡದಲ್ಲಿ ಸಣ್ಣ ತಂತಿಯ ಹೆಣಿಗೆ ಕಂಡಿತು. ಆಮೇಲೆ ಹಿಡಿಕೆಯ ಕಟ್ಟಿಗೆಯ ಮೇಲೆ ಚಾಕುವಿನಿಂದ ಕೊರೆದ ಇಂಗ್ಲಿಷ್ ಅಕ್ಷರಗಳು ಬಂದವು. ನಾನೇ ಗಟ್ಟಿಯಾಗಿ ಓದಿದೆ: ಉಲುಂದಿ, 4 ಜುಲೈ 1879. ಮುಂದೆ ಯಾರದೋ ಹೆಸರಿನ ಎರಡು ಮೊದಲಕ್ಷರ.

ಶುಭಾಂಗಿ ಕುರ್ಚಿ ಎಳೆದುಕೊಂಡು ಹೇಳಿದಳು. ಆ ವರ್ಷದ ಜನವರಿಯಲ್ಲಿ ಇಂಗ್ಲಿಷರು ಝುಲು ಸೀಮೆಗೆ ನುಗ್ಗಿದರು. ಇಸಾಂಡ್ಲ್ವಾನಾ ಎಂಬ ಗುಡ್ಡದ ಕೆಳಗೆ ಡೇರೆ ಹಾಕಿದ್ದಾಗ ಝುಲು ಜನ ಇಂಥ ಈಟಿಗಳನ್ನೇ ಹಿಡಿದು ಬಂದು ಒಂದು ಮಧ್ಯಾಹ್ನದಲ್ಲಿ ಆ ಪಾಳೆಯವನ್ನೇ ಅಳಿಸಿಬಿಟ್ಟರು. ಇಂಗ್ಲಿಷರು ಆ ಅವಮಾನ ಮರೆಯಲಿಲ್ಲ. ಜುಲೈನಲ್ಲಿ ದೊಡ್ಡ ಸೈನ್ಯ, ತೋಪು, ತಿರುಗಿಸಿದರೆ ಗುಂಡು ಸುರಿಯುವ ಗ್ಯಾಟ್ಲಿಂಗ್ ಬಂದೂಕು ತಂದು, ಝುಲು ರಾಜನ ಊರಾದ ಉಲುಂದಿಯ ಬಯಲಿನಲ್ಲಿ ಚೌಕಾಕಾರವಾಗಿ ನಿಂತರು. ಝುಲು ಜನ ನಾಲ್ಕೂ ಕಡೆಯಿಂದ ಬಂದರು. ಗೆಲುವು ಸೋಲು ತೀರ್ಮಾನವಾಗಲು ಒಂದು ತಾಸೂ ಹಿಡಿಯಲಿಲ್ಲ. ಇಂಗ್ಲಿಷರ ಕಡೆ ಸತ್ತವರು ಹತ್ತು ಹನ್ನೆರಡು ಮಂದಿ, ಆ ಕಡೆ ಸಾವಿರ ದಾಟಿದರು. ರಾಜನ ಊರಿಗೆ ಬೆಂಕಿ ಹಚ್ಚಿದರು. ಸೈನಿಕರು ಹೆಣಗಳ ನಡುವೆ ಓಡಾಡಿ ಈಟಿ, ಗುರಾಣಿ, ಗುಂಡುತಲೆಯ ದೊಣ್ಣೆಗಳನ್ನು ನೆನಪಿಗೆಂದು ಆರಿಸಿಕೊಂಡರು. ಗೋಡೆಗೆ ನೇತುಹಾಕಲು, ಸ್ನೇಹಿತರಿಗೆ ತೋರಿಸಲು. ಅಂಥ ಒಂದು ಗೋಡೆ ಸೊಲ್ಲಾಪುರದ ಬಂಗಲೆಯಲ್ಲೂ ಇದ್ದಿರಬೇಕು.

"ಮುತ್ಯಾ ಕದ್ದನೇನು?" ಮರೆಪ್ಪ ಕೇಳಿದ.

"ಗೊತ್ತಿಲ್ಲ ಕಾಕಾ. ಸಾಹೇಬ ಕೊಟ್ಟಿರಬಹುದು. ಬಿಟ್ಟು ಹೋಗಿರಬಹುದು."

"ಈ ಅಕ್ಷರ ಸತ್ತಂವನ ಹೆಸರಾ?"

"ಎತ್ತಿಕೊಂಡಂವಂದು. ಹಿಡದಂವನ ಹೆಸರು ಯಾರೂ ಬರದಿಡಲಿಲ್ಲ."

"ಆ ಮಂದಿ ಏನ ಕೆಲಸ ಮಾಡ್ತಿದ್ರು? ಯುದ್ಧ ಇಲ್ಲದಾಗ?"

"ದನಾ ಕಾಯ್ತಿದ್ರು. ಸಣ್ಣಾವ್ರಿದ್ದಾಗಿಂದ."

ಮರೆಪ್ಪ ಈಟಿಯ ಹಿಡಿಕೆಯನ್ನು ಮುಟ್ಟಿದ, ಕೈ ತೆಗೆದ. ಒಂದು ಗಳಿಗೆ ಅವನ ಮುಖದಲ್ಲಿ ಏನೋ ಸರಿದುಹೋಯಿತು, ಆದರೆ ಬಿಡುಗಡೆಯ ಖುಷಿ ಅದಕ್ಕಿಂತ ದೊಡ್ಡದಿತ್ತು. "ಅಂದ್ರ ಬೀರಪ್ಪಂದ ಅಲ್ಲ. ಪಕ್ಕಾ?" ಎಂದು ಮೂರು ಸಲ ಕೇಳಿ, ಮೂರು ಸಲ ಪಕ್ಕಾ ಎನ್ನಿಸಿಕೊಂಡು, ಈಟಿಯನ್ನು ಕಂಬಳಿಗೆ ಸುತ್ತಿ ಹೊರಗೆ ಓಡಿದ. ಕರಜಗಿ ಬಸ್ಸು ನಿಂತಿತ್ತು. ಇವನು ಸೊಲ್ಲಾಪುರ ಬಸ್ಸು ಹತ್ತಿದ, ಹಿಂದೆಯೇ ನಾನೂ ಹತ್ತಿದೆ.

ಚಂದ್ರಭಾಗಾಳ ಮನೆ ಹಳೆಯ ಗಿರಣಿಯ ಹಿಂದಿನ ಓಣಿಯಲ್ಲಿ. ಬಾಗಿಲ ಹತ್ತಿರ ಬೆಳಕಿಗೆ ಹೊಲಿಗೆ ಯಂತ್ರ ಹಾಕಿಕೊಂಡು ಟವೆಲಿನ ಅಂಚು ಹೊಲಿಯುತ್ತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ಅಣ್ಣನನ್ನು ನೋಡಿದಳು, ಆದರೂ ಯಂತ್ರ ನಿಲ್ಲಿಸಲಿಲ್ಲ.

"ಚಂದ್ರೀ, ಅದು ಬೀರಪ್ಪಂದ ಅಲ್ಲಂತ!" ಮರೆಪ್ಪ ಓಣಿಯಲ್ಲೇ ನಿಂತು ಕೂಗಿದ. "ಆಯುಧ! ಆಫ್ರಿಕಾದ್ದಂತ. ಝುಲು ಮಂದೀದು. ಇಲ್ಲಿ ನೋಡು, ಬರದಾರ. ಆಣಿ ಲೆಕ್ಕಕ್ಕ ಬರೂದಿಲ್ಲ. ನಾ ಈಗ ಒಳಗ ಬರಬಹುದು."

ಅವಳು ಒಂದು ಅಂಚು ಪೂರ್ತಿ ಹೊಲಿದು ದಾರ ಕತ್ತರಿಸಿದಳು. "ಅಂದ್ರ ಆ ಕಬ್ಬಿಣ ಖೋಟಾ?"

"ಖೋಟಾ!"

"ಮತ್ತ ನೀ?"

ಮರೆಪ್ಪ ಬಿಚ್ಚುತ್ತಿದ್ದ ಕಂಬಳಿಯನ್ನು ಮತ್ತೆ ಸುತ್ತತೊಡಗಿದ.

"ಅದು ಖರೇ ದೇವ್ರದ ಇದ್ರ ನೀ ಬರ್ತಿದ್ದಿಲ್ಲ" ಎಂದಳು ಅವಳು. ದನಿ ಏರಲಿಲ್ಲ. "ಅಂಜಿಕಿ ಹೋತು, ಬಂದಿ. ನನ್ನ ಸಲುವಾಗಿ ಬಂದಿಲ್ಲ. ಮೂವತ್ತೆಂಟು ಕುರಿ ನಾನ ಕೊಂದೀನಿ ಅಂತ ಇನ್ನೂ ನಿಮ್ಮೂರಾಗ ಅಂತಾರ. ಅದರಾಗ ಏನ ಬದ್ಲಾತು? ಹೋಗು ಅಣ್ಣಾ. ಮಾಸ್ತರ, ಕರ್ಕೊಂಡ ಹೋಗ್ರಿ."

ಯಂತ್ರ ಮತ್ತೆ ಶುರುವಾಯಿತು. ನನಗೆ ಅವಳ ಮುಖ ನೋಡಲಾಗಲಿಲ್ಲ, ಅವತ್ತು ತಲೆಯಾಡಿಸಿದವರಲ್ಲಿ ನಾನೂ ಒಬ್ಬ.

ಆ ವಾರ ಮರೆಪ್ಪ ಪಟ್ಟ ಪಾಡು ಹೇಳತೀರದು. ಕೆಲಸಕ್ಕೆ ಹೋಗಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ನನ್ನ ಅಂಗಳದಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆದ. ದೇವರ ಭಯ ಇದ್ದಾಗ ಆ ಭಯದ ಹಿಂದೆ ಅಡಗಿಕೊಳ್ಳಬಹುದಿತ್ತು, ಈಗ ಅದೂ ಹೋಗಿತ್ತು. ಊರಿಗೆಲ್ಲ ಸುದ್ದಿ ಹಬ್ಬಿತ್ತು. ಕೆಲವರು ಈಟಿಯನ್ನು ಹೊಳೆಗೆ ಬಿಡೋಣ ಎಂದರು, ಕೆಲವರು ಪ್ರದರ್ಶನಕ್ಕೆ ಕೊಡೋಣ ಎಂದರು. ಬೀರವ್ವ ಎಲ್ಲರ ಬಾಯಿ ಮುಚ್ಚಿಸಿದಳು. "ಎಲ್ಲಿಂದರ ಬಂದಿರ್ಲಿ. ನೂರು ವರ್ಷ ನಮ್ಮ ಮನ್ಯಾಗ ಭಂಡಾರ ಉಂಡದ. ಈಗ ಹೊರಗ ಹಾಕಾಕ ಅದೇನು ಮಗಳೇನು?"

ಆ ಕೊನೆಯ ಮಾತು ಬೇಕೆಂದೇ ಹೇಳಿದಳೋ, ಬಾಯಿಗೆ ಬಂತೋ, ನನಗೆ ಗೊತ್ತಿಲ್ಲ. ಅಂಗಳದಲ್ಲಿದ್ದ ಮರೆಪ್ಪ ಕೇಳಿಸಿಕೊಂಡ. "ಐತವಾರ ಎಲ್ಲಾರ್ನೂ ಕರೀರಿ ಮಾಸ್ತರ" ಎಂದ.

ಭಾನುವಾರ ಬೆಳಿಗ್ಗೆ ಬೀರಪ್ಪನ ಗುಡಿಯ ಮುಂದೆ ನಲವತ್ತು ಮಂದಿ ಸೇರಿದರು. ಕುರಿ ಕಳೆದುಕೊಂಡ ನಾಲ್ಕೂ ಮನೆಯವರಿದ್ದರು. ಹೊಲದ ಒಡೆಯ ಸಾಯಬಣ್ಣ ಗೌಡರೂ ಮೊಮ್ಮಗನ ಹೆಗಲು ಹಿಡಿದು ಬಂದಿದ್ದರು. ಮರೆಪ್ಪ ಅರಿಸಿನ ಹೋಗಿ ಕಪ್ಪಾಗಿ ಕಾಣುತ್ತಿದ್ದ ಈಟಿಯನ್ನು ತಂದು ಕಟ್ಟೆಯ ಮೇಲೆ ಇಟ್ಟ. ಅಲಗಿನ ಮೇಲೆ ಕೈಯಿಟ್ಟ.

"ಅದು ದೇವ್ರದ ಅಲ್ಲ ಅಂತ ನೀನ ಹೇಳಿದಿ. ಮತ್ಯಾಕ ಮುಟ್ತಿ?" ಎಂದು ಯಾರೋ ಕೂಗಿದರು.

"ದೇವ್ರದ ಅಲ್ಲ, ಗೊತ್ತದ" ಎಂದ ಮರೆಪ್ಪ. "ಯಾವನೋ ದನಾ ಕಾಯವಂದು. ಗುಂಡಿನ ಮುಂದ ಇದನ್ನ ಹಿಡಕೊಂಡು ನಡದಾನ, ಓಡಿಲ್ಲ. ನಾ ಮೂವತ್ತೆಂಟು ಕುರಿ ಮುಂದ ನಿಲ್ಲಲಾರ್ದ ಓಡೀನಿ. ಸಾಯಬಣ್ಣನ ಹೊಲದಾಗ ಬಿಡು ಅಂತ ಚಂದ್ರಿಗೆ ಹೇಳಿದಾಂವ ನಾನ. ಕುಸ್ತಿ ನೋಡಾಕ ಹೋಗಿದ್ದೆ. ಇದನ್ನ ಮುಟ್ಟಿ ಸುಳ್ಳು ಹೇಳಿದ್ದೆ, ಇದನ್ನ ಮುಟ್ಟೇ ಖರೇ ಹೇಳಾಕತ್ತೀನಿ. ಅಕಿ ತಪ್ಪಿಲ್ಲ. ಅಕಿ ಒಂದೂ ತಪ್ಪಿಲ್ಲ."

ನಾಲ್ಕು ಮನೆಯ ಪೈಕಿ ಒಬ್ಬ ಮುದುಕ ಎದ್ದು ಮರೆಪ್ಪನ ಮುಖ ನೋಡದೆ ಹೊರಟುಹೋದ. ಸಾಯಬಣ್ಣ ಗೌಡರು ಮಾತ್ರ ನಿಧಾನಕ್ಕೆ ಕೇಳಿದರು: "ಹಂಗಾದ್ರ ಆ ಹುಡುಗಿ ಇಷ್ಟು ವರ್ಷ?" ನಾನು ಎದ್ದು ನಿಂತು, ಅವತ್ತು ನಾನಾಡಿದ ಮಾತು ತಪ್ಪು ಎಂದು ಹೇಳಿ ಕೂತೆ. ಅಷ್ಟಾದರೂ ಮಾಡಿದೆನಲ್ಲ ಎಂದು ಈಗ ಸಮಾಧಾನ ಮಾಡಿಕೊಳ್ಳುತ್ತೇನೆ. ಆಯುಧದ ಮುಂದೆ ನ್ಯಾಯ ಮಾಡುವ ಪದ್ಧತಿಯನ್ನು ಅಂದೇ ನಿಲ್ಲಿಸಿದರು.

ಮಧ್ಯಾಹ್ನದ ಬಸ್ಸಿಗೆ ನಾವಿಬ್ಬರೂ ಸೊಲ್ಲಾಪುರಕ್ಕೆ ಹೋದೆವು. ಈ ಸಲ ಅವನ ಕೈಯಲ್ಲಿ ಏನೂ ಇರಲಿಲ್ಲ. ಚಂದ್ರಭಾಗಾ ಬಾಗಿಲಲ್ಲೇ ನಿಂತಿದ್ದಳು. ಊರಿನಿಂದ ಯಾರೋ ಫೋನ್ ಮಾಡಿ ಹೇಳಿರಬೇಕು.

"ಮಂದಿ ಮುಂದ ಹೇಳಿದ್ಯಾ?"

"ಹೇಳ್ದೆ."

"ನಾಲ್ಕೂ ಮನಿಯವ್ರು ಇದ್ರಾ?"

"ಇದ್ರು."

"ಗೌಡ್ರು?"

"ಅವ್ರೂ ಇದ್ರು. ಎಲ್ಲಾರೂ ಇದ್ರು, ಚಂದ್ರೀ."

ಆಮೇಲೆ ಕೇಳಿದಳು. "ಅವ್ವ?"

ಇಂದುಬಾಯಿ ಮಗಳದೇ ತಪ್ಪೆಂದು ನಂಬಿಕೊಂಡೇ ತೀರಿಕೊಂಡು ಆರು ವರ್ಷವಾಗಿತ್ತು. ಮೂವತ್ತೆಂಟು ಕುರಿಗೂ ಅಳದ ಮರೆಪ್ಪ ಆ ಓಣಿಯಲ್ಲಿ ನಿಂತು ಹುಡುಗನಂತೆ ಅತ್ತ. ಚಂದ್ರಭಾಗಾ ಅಳಲಿಲ್ಲ. ಅವಳ ಅಳುವೆಲ್ಲ ಎಂದೋ ಮುಗಿದಿತ್ತು. ಬಾಗಿಲಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು.

"ಅಕಿ ಫೋಟೋ ಒಳಗದ" ಎಂದಳು. "ಹೋಗಿ ಹೇಳು."

ಮರೆಪ್ಪ ಹೊಸ್ತಿಲು ದಾಟಿ ಒಳಗೆ ಹೋದ. ನಾನು ಹೊರಗೇ ನಿಂತೆ.